ಗಂಡು ನಾಯಿಯ ಬೀಜ ತೆಗೆಸಬೇಕಾ? ತೀರ್ಮಾನಿಸುವುದು ಹೀಗೆ

ಮುಧೋಳ, ಜಮಖಂಡಿ ಕಡೆ ನಾಯಿ ಸಾಕಿದವರನ್ನು ಈ ವಿಷಯ ಕೇಳಿ ನೋಡಿ. "ಸಿಟ್ಟು ಭಾಳ ಐತ್ರೀ, ಬೀಜ ತೆಗಿಸಿಬಿಟ್ರ ಸುಮ್ನ ಬೀಳ್ತೈತಿ" ಅನ್ನುವವರು ಒಂದಷ್ಟು ಜನ. "ಮೂಕ ಪ್ರಾಣಿಗೆ ಯಾಕ್ರೀ ಆ ಶಿಕ್ಷೆ, ಪಾಪ ಹತ್ತತೈತಿ" ಅನ್ನುವವರು ಮತ್ತೊಂದಷ್ಟು ಜನ. ಇಬ್ಬರೂ ಎದುರಿಗಿರುವ ನಾಯಿಯನ್ನು ಸರಿಯಾಗಿ ನೋಡದೆಯೇ ಮಾತಾಡುತ್ತಿರುತ್ತಾರೆ. ಸಿಟ್ಟಿನ ನಾಯಿಗೆ ಆಪರೇಷನ್ ಮಾಡಿಸಿ, ಅದು ಇನ್ನೂ ಜಾಸ್ತಿ ಕಚ್ಚತೊಡಗಿದ ಮನೆಗಳನ್ನು ನಾನು ನೋಡಿದ್ದೇನೆ. ಪಾಪ ಅಂತ ಬಿಟ್ಟ ನಾಯಿ ಹತ್ತು ವರ್ಷಕ್ಕೆ ಮಲ ಹೋಗಲಾಗದೆ ತಿಣುಕುವುದನ್ನೂ ನೋಡಿದ್ದೇನೆ. ಹಾಗಾಗಿ ಎಲ್ಲಾ ನಾಯಿಗೂ ಒಂದೇ ಉತ್ತರ ಇಲ್ಲ. ನಿಮ್ಮ ನಾಯಿಗೆ ಯಾವುದು ಸರಿ ಅಂತ ಕಂಡುಕೊಳ್ಳುವ ದಾರಿ ಇಲ್ಲಿದೆ.

ಹಂತ 1: ಮುಟ್ಟಿ ಎಣಿಸಿ

ನಾಯಿಯನ್ನು ನಿಲ್ಲಿಸಿ, ಹಿಂದಿನಿಂದ ಮೆಲ್ಲಗೆ ಕೈ ಹಾಕಿ ನೋಡಿ. ಎರಡೂ ಬೀಜ ಚೀಲದಲ್ಲಿ ಸಿಗಬೇಕು. ಮರಿಗೆ ಎರಡು ತಿಂಗಳಾಗುವ ಹೊತ್ತಿಗೆ ಸಾಮಾನ್ಯವಾಗಿ ಎರಡೂ ಕೆಳಗಿಳಿದಿರುತ್ತವೆ. ಆರು ತಿಂಗಳಾದರೂ ಒಂದೇ ಸಿಕ್ಕರೆ ಇನ್ನೊಂದು ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದುಕೊಂಡಿದೆ ಅಂತ ಅರ್ಥ. ಮರಿ ಮಾರುವವರು "ಆಮ್ಯಾಲ ಇಳಿತೈತಿ ಬಿಡ್ರೀ" ಅನ್ನುತ್ತಾರೆ. ಆರು ತಿಂಗಳ ನಂತರ ಆ ಮಾತು ನಂಬಬೇಡಿ.

ಇಂಥ ನಾಯಿಗೆ ಮುಂದಿನ ಚರ್ಚೆಯೇ ಬೇಡ, ಆಪರೇಷನ್ ಮಾಡಿಸಲೇಬೇಕು. ಒಳಗೇ ಉಳಿದ ಬೀಜದಲ್ಲಿ ಗಡ್ಡೆ ಬೆಳೆಯುವ ಅಪಾಯ ಮಾಮೂಲಿ ನಾಯಿಗಿಂತ ಹತ್ತು ಪಟ್ಟಿಗೂ ಜಾಸ್ತಿ. ಕೆಳಗಿಳಿದದ್ದನ್ನು ಮಾತ್ರ ತೆಗೆದು, ಒಳಗಿನದನ್ನು ಅಲ್ಲೇ ಬಿಡುವುದು ದೊಡ್ಡ ತಪ್ಪು. ಎರಡನ್ನೂ ತೆಗೆಯಬೇಕು. ಅದಕ್ಕೆ ಹೊಟ್ಟೆ ತೆರೆಯಬೇಕಾಗಿ ಬರಬಹುದು. ಆದ್ದರಿಂದ ಮೊದಲೇ ಸ್ಕ್ಯಾನಿಂಗ್ ಮಾಡಿ ಜಾಗ ಗುರುತಿಸುವ ವೈದ್ಯರ ಹತ್ತಿರವೇ ಹೋಗಿ. ಈ ದೋಷ ವಂಶದಲ್ಲಿ ಹರಿದು ಬರುತ್ತದೆ. ತಳಿ ಎಷ್ಟೇ ಚೆಂದ ಇದ್ದರೂ ಇಂಥ ನಾಯಿಯನ್ನು ಜೋಡಿಗೆ ಬಿಡಬಾರದು.

ಹಂತ 2: ನಾಯಿ ಮಾಡುತ್ತಿರುವುದು ಏನು, ಯಾಕೆ?

ಹೆಚ್ಚಿನವರು ಎಡವುವುದು ಇಲ್ಲೇ. ಅವಸರ ಮಾಡಬೇಡಿ. ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡು ಒಂದು ತಿಂಗಳು ಬರೆದಿಡಿ. ಏನು ಮಾಡಿತು, ಯಾವ ಹೊತ್ತಿನಲ್ಲಿ, ಎದುರಿಗೆ ಯಾರಿದ್ದರು, ಬಾಲ ಎಲ್ಲಿತ್ತು, ಕಿವಿ ಹೇಗಿತ್ತು. ಇಷ್ಟು ಸಾಕು.

ಬೀಜದಿಂದ ಬರುವ ಹಾರ್ಮೋನಿನ ಕೈವಾಡ ನೇರವಾಗಿ ಕಾಣುವುದು ನಾಲ್ಕು ಚಾಳಿಗಳಲ್ಲಿ: ಮನೆ ಬಿಟ್ಟು ಅಲೆಯುವುದು, ಕಂಡ ಕಂಡಲ್ಲಿ ಕಾಲೆತ್ತಿ ಗುರುತು ಹಾಕುವುದು, ಮೇಲೆ ಹತ್ತುವುದು, ಬೇರೆ ಗಂಡು ನಾಯಿಗಳ ಜೊತೆ ಜಗಳ. ಅಮೆರಿಕದಲ್ಲಿ 1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆಪರೇಷನ್ ಆದ ಗಂಡು ನಾಯಿಗಳ ಪೈಕಿ ಸುಮಾರು ಶೇ 90ರಷ್ಟು ಅಲೆದಾಟ ಕಡಿಮೆ ಮಾಡಿದ್ದವು. ಹತ್ತುವುದು ಮತ್ತು ಗಂಡು ನಾಯಿಗಳ ಜಗಳ ಕಡಿಮೆಯಾದದ್ದು ಸುಮಾರು ಶೇ 60ರಲ್ಲಿ, ಮನೆಯೊಳಗೆ ಗುರುತು ಹಾಕುವುದು ಅರ್ಧದಷ್ಟರಲ್ಲಿ. ಅಂದರೆ ಅಲೆದಾಟವೇ ನಿಮ್ಮ ತಲೆನೋವಾಗಿದ್ದರೆ ಆಪರೇಷನ್ ಹೆಚ್ಚುಕಡಿಮೆ ಖಂಡಿತ ಫಲ ಕೊಡುತ್ತದೆ.

ನಮ್ಮ ಕಡೆ ಅಲೆದಾಟ ಸಣ್ಣ ಮಾತಲ್ಲ. ಬೀದಿಯ ಹೆಣ್ಣು ನಾಯಿಗಳು ಬೆದೆಗೆ ಬರುವುದು ಹೆಚ್ಚಾಗಿ ಮಳೆಗಾಲದ ಕೊನೆಗೆ. ಭಾದ್ರಪದದಿಂದ ಕಾರ್ತಿಕದವರೆಗೆ ನಿಮ್ಮ ನಾಯಿ ಊಟ ಬಿಟ್ಟು, ಗೇಟು ಕೆರೆದು, ರಾತ್ರಿಯೆಲ್ಲ ಊಳಿಡುತ್ತಿದ್ದರೆ ಕಾರಣ ಅದೇ. ಅದೇ ಹೊತ್ತಿಗೆ ಕಬ್ಬಿನ ಹಂಗಾಮೂ ಶುರುವಾಗುತ್ತದೆ. ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರು ಕತ್ತಲಲ್ಲಿ ಬರುತ್ತಿರುತ್ತದೆ, ಹೆಣ್ಣಿನ ಹಿಂದೆ ಐದಾರು ಗಂಡು ನಾಯಿ ಓಡುತ್ತಿರುತ್ತವೆ. ಮುಂದಿನ ಚಕ್ರ ತಪ್ಪಿಸಿಕೊಂಡ ನಾಯಿ ಹಿಂದಿನ ಟ್ರೇಲರಿಗೆ ಸಿಗುತ್ತದೆ. ಚಾಲಕನಿಗೆ ಗೊತ್ತೂ ಆಗುವುದಿಲ್ಲ.

ಅಲೆಯುವ ನಾಯಿಗೆ ಇನ್ನೊಂದು ಕಾಟ, ಕೂಡುವಾಗ ಹರಡುವ ಗಡ್ಡೆ. ವೈದ್ಯರು ಟಿವಿಟಿ ಅನ್ನುತ್ತಾರೆ. ಶಿಶ್ನದ ತುದಿಯಿಂದ ಹನಿ ಹನಿ ರಕ್ತ ಬರುತ್ತದೆ. ಮನೆಯವರು "ಉಷ್ಣ ಆಗೈತಿ" ಅಂತ ಎಳನೀರು, ಮಜ್ಜಿಗೆ ಕೊಡುತ್ತಾ ಕೂತಿರುತ್ತಾರೆ. ಚರ್ಮ ಹಿಂದೆ ಸರಿಸಿದರೆ ಹೂಕೋಸಿನ ಹಾಗೆ ಕೆಂಪಗೆ, ಉಬ್ಬುಬ್ಬಾಗಿ ಕಾಣುತ್ತದೆ. ವಾರಕ್ಕೊಂದು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೆಲವು ವಾರ ಕೊಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ. ಮನೆಮದ್ದಿಗೆ ಬಗ್ಗುವ ರೋಗ ಇದಲ್ಲ.

ಈಗ ಸಿಟ್ಟಿನ ವಿಷಯಕ್ಕೆ ಬನ್ನಿ. ನೋಟ್‌ಬುಕ್ಕು ಬೇಕು ಅಂದದ್ದು ಇದಕ್ಕೇ. ನಾಯಿ ಕಚ್ಚುವುದು ಯಾವಾಗ? ಬಾಲ ಕಾಲಸಂದಿಗೆ ಹೋಗಿ, ಕಿವಿ ಹಿಂದಕ್ಕೆ ಮಲಗಿ, ಒಂದು ಹೆಜ್ಜೆ ಹಿಂದೆ ಸರಿದು, ಮನುಷ್ಯ ಬೆನ್ನು ತಿರುಗಿಸಿದ ಮೇಲೆ ಬಂದು ಹಿಮ್ಮಡಿಗೆ ಬಾಯಿ ಹಾಕುತ್ತದಾ? ಅದು ಸಿಟ್ಟಲ್ಲ, ಹೆದರಿಕೆ. ತಟ್ಟೆಯ ಹತ್ತಿರ ಹೋದಾಗ ಮಾತ್ರ ಗುರ್ರ್ ಅನ್ನುತ್ತದಾ? ಅದು ಊಟದ ಕಾವಲು. ಕಿವಿ ಮುಟ್ಟಿದಾಗ ಮಾತ್ರ ಮೈಮೇಲೆ ಬರುತ್ತದಾ? ಕಿವಿಯಲ್ಲಿ ಕೀವು ಇರಬಹುದು, ಮೂಸಿ ನೋಡಿ. ಹಗಲೆಲ್ಲ ನಾಲ್ಕಡಿ ಸರಪಳಿಯಲ್ಲಿ ಗೇಟಿಗೆ ಕಟ್ಟಿಹಾಕಿದ ನಾಯಿ ಹಾಲಿನವನ ಮೇಲೆ ಹಾರಿದರೆ ಅದಕ್ಕೆ ಬೀಜ ಕಾರಣ ಅಲ್ಲ, ಸರಪಳಿ ಕಾರಣ.

ಹೆದರುವ ನಾಯಿಗೆ ಇರುವ ಚೂರುಪಾರು ಧೈರ್ಯಕ್ಕೆ ಆ ಹಾರ್ಮೋನೂ ಒಂದು ಆಸರೆ. ಅದನ್ನೂ ತೆಗೆದರೆ ಹೆದರಿಕೆ ಹೆಚ್ಚಬಹುದು, ಹೆದರಿಕೆ ಹೆಚ್ಚಿದರೆ ಕಚ್ಚುವುದೂ ಹೆಚ್ಚಬಹುದು. ಇಂಥ ನಾಯಿಗೆ ಈಗಲೇ ಆಪರೇಷನ್ ಬೇಡ ಅಂತಲೇ ನಾನು ಹೇಳುತ್ತೇನೆ. ಮೊದಲು ಸರಪಳಿ ಬಿಚ್ಚಿ ಅಂಗಳದಲ್ಲಿ ಓಡಾಡಲು ಬಿಡಿ, ದಿನಕ್ಕೆರಡು ಸಲ ಹಗ್ಗ ಹಿಡಿದು ನಡೆಸಿ, ಹೊಸಬರು ಬಂದಾಗ ದೂರದಿಂದಲೇ ತಿಂಡಿ ಹಾಕಿಸಿ ರೂಢಿ ಮಾಡಿಸಿ. ಆರು ತಿಂಗಳ ನಂತರ ಮತ್ತೆ ನೋಡಿ.

"ಬೀಜ ತೆಗಿಸಿದ್ರ ಮನಿ ಕಾಯೂದಿಲ್ಲ" ಅನ್ನುವ ಭಯವನ್ನು ಬಿಟ್ಟುಬಿಡಿ. ಅಪರಿಚಿತರಿಗೆ ಬೊಗಳುವುದಕ್ಕೂ ಬೀಜಕ್ಕೂ ಅಂಥ ಸಂಬಂಧ ಇಲ್ಲ. ಇನ್ನೊಂದು ಮಾತು. ಇಲ್ಲಿವರೆಗೆ ಹೊರಗೇ ಹೋಗುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯೊಳಗೆ ಉಚ್ಚೆ ಹೊಯ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಸೋಂಕೂ ಇರಬಹುದು.

ಹಂತ 3: ವಯಸ್ಸು ಮತ್ತು ತಳಿ

ನಾಲ್ಕೈದು ತಿಂಗಳ ಲ್ಯಾಬ್ರಡಾರ್ ಮರಿಯನ್ನು ಎತ್ತಿಕೊಂಡು ಆಪರೇಷನ್‌ಗೆ ಬರುವವರಿದ್ದಾರೆ. ಬೇಡ. ಎಲುಬಿನ ತುದಿಯ ಬೆಳವಣಿಗೆ ನಿಲ್ಲಬೇಕಾದರೆ ಈ ಹಾರ್ಮೋನೂ ಬೇಕು. ಬೇಗ ತೆಗೆದರೆ ಕಾಲು ಬೇಕಾದ್ದಕ್ಕಿಂತ ಉದ್ದ ಬೆಳೆದು, ದೊಡ್ಡ ತಳಿಗಳಲ್ಲಿ ಸೊಂಟ, ಮೊಣಕಾಲಿನ ತೊಂದರೆ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು 35 ತಳಿಗಳ ದಾಖಲೆ ನೋಡಿ 2020ರಲ್ಲಿ ಸಲಹೆ ಕೊಟ್ಟಿದ್ದಾರೆ. ಗಂಡು ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ ದಾಟಲಿ, ಗೋಲ್ಡನ್ ರಿಟ್ರೀವರ್‌ಗೆ ಒಂದು ವರ್ಷ ದಾಟಲಿ, ಲ್ಯಾಬ್ರಡಾರ್‌ಗೆ ಕಡೇಪಕ್ಷ ಆರು ತಿಂಗಳು ಅಂತ. ಲ್ಯಾಬ್‌ಗೂ ಒಂದು ವರ್ಷ ಕಾಯಿರಿ ಅನ್ನುವುದು ನನ್ನ ಮಾತು. ಪೊಮೆರೇನಿಯನ್, ಪಗ್‌ನಂಥ ಸಣ್ಣ ತಳಿಗಳಿಗೆ ಕೀಲಿನ ಚಿಂತೆ ಇಲ್ಲ. ನಾಟಿ ನಾಯಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದೊಳಗೆ ಮಾಡಿಸಬಹುದು.

ಮುಧೋಳ ನಾಯಿಯದು ಬೇರೆಯೇ ಲೆಕ್ಕ. ಉದ್ದ ಕಾಲಿನ ಓಟದ ನಾಯಿ, ಒಂದೂವರೆ ವರ್ಷಕ್ಕಿಂತ ಮೊದಲು ಮುಟ್ಟಬೇಡಿ. ಅದಕ್ಕಿಂತ ಮುಖ್ಯವಾದದ್ದು ಅರಿವಳಿಕೆ. ಈ ಜಾತಿಯ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಕೆಲವು ಔಷಧಿಗಳನ್ನು ಅದರ ಲಿವರ್ ನಿಧಾನವಾಗಿ ಕರಗಿಸುತ್ತದೆ. ಥಯೋಪೆಂಟೋನ್ ಅನ್ನುವ ಮಂಪರಿನ ಔಷಧಿ ಕೊಟ್ಟರೆ ಗಂಟೆಗಟ್ಟಲೆ ಏಳದೆ ಮಲಗಿಬಿಡಬಹುದು. "ಡಾಕ್ಟ್ರೇ, ಮಂಪರಿಗೆ ಏನು ಕೊಡ್ತೀರಿ?" ಅಂತ ಮುಂಚೆಯೇ ಕೇಳಿ. ಪ್ರೊಪೊಫಾಲ್ ಅಥವಾ ಐಸೊಫ್ಲೂರೇನ್ ಗ್ಯಾಸ್ ಅಂದರೆ ಒಳ್ಳೆಯದು. ಕೇಳಿದರೆ ಒಳ್ಳೇ ವೈದ್ಯರು ಬೇಜಾರು ಮಾಡಿಕೊಳ್ಳುವುದಿಲ್ಲ.

ನಿಮ್ಮದು ನಿಜಕ್ಕೂ ಲಕ್ಷಣವಾದ, ಆರೋಗ್ಯವಾದ ಮುಧೋಳ ಆಗಿದ್ದರೆ ಆಪರೇಷನ್‌ಗೆ ಮೊದಲು ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರಕ್ಕೆ ಒಮ್ಮೆ ಕರೆದೊಯ್ಯಿರಿ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಈ ತಳಿ ಉಳಿಯಬೇಕಾದರೆ ಒಳ್ಳೇ ಗಂಡುಗಳು ಬೇಕು. ಆದರೆ "ಒಂದು ಸಲ ಜೋಡಿ ಹಾಕಿಸಿ ಆಮೇಲೆ ತೆಗೆಸೋಣ, ಆರೋಗ್ಯಕ್ಕೆ ಒಳ್ಳೇದು" ಅನ್ನುವ ಮಾತಿಗೆ ಯಾವ ಆಧಾರವೂ ಇಲ್ಲ. ರೊಕ್ಕಕ್ಕಾಗಿ ಕಂಡ ಕಂಡ ಹೆಣ್ಣಿಗೆ ಬಿಟ್ಟು ತಳಿ ಕೆಡಿಸುವುದನ್ನು ಸಾಕಷ್ಟು ನೋಡಿಯಾಗಿದೆ.

ವಯಸ್ಸಾದ ನಾಯಿಗೆ ಇನ್ನೇಕೆ ಅನ್ನಬೇಡಿ. ಬೀಜ ಇರುವ ಗಂಡು ನಾಯಿಗೆ ವಯಸ್ಸಾದಂತೆ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮಲದ ದಾರಿಯನ್ನು ಒತ್ತುತ್ತದೆ. ಮಲ ರಿಬ್ಬನ್ನಿನಂತೆ ಚಪ್ಪಟೆಯಾಗಿ ಬರುತ್ತದೆ, ಮೂತ್ರದಲ್ಲಿ ರಕ್ತ ಕಾಣುತ್ತದೆ. ಇದಕ್ಕೆ ಆಪರೇಷನ್ನೇ ಮದ್ದು, ಕೆಲವೇ ವಾರಗಳಲ್ಲಿ ಗ್ರಂಥಿ ಕುಗ್ಗುತ್ತದೆ. ಗುದದ ಸುತ್ತ ಏಳುವ ಗಂಟುಗಳೂ ಹೆಚ್ಚಿನಂಶ ಇಳಿಯುತ್ತವೆ. ಪ್ರಾಸ್ಟೇಟ್ ಕ್ಯಾನ್ಸರನ್ನು ಮಾತ್ರ ಇದು ತಡೆಯುವುದಿಲ್ಲ. ತಡೆಯುತ್ತದೆ ಅಂತ ಹೇಳುವವರ ಮಾತು ಕೇಳಬೇಡಿ.

ಇಷ್ಟೆಲ್ಲ ನೋಡಿದ ಮೇಲೆ ಬೇಡ ಅನ್ನಿಸಿದರೆ ಬೇಡ. ಎತ್ತರದ ಕಾಂಪೌಂಡು, ಹಗ್ಗ ಹಿಡಿದೇ ಹೊರಗೆ ಕರೆದೊಯ್ಯುವ ಮನೆಯವರು, ಅಲೆದಾಟ ಇಲ್ಲದ ನಾಯಿ ಇದ್ದರೆ ಹಾಗೇ ಸಾಕಬಹುದು. ರಾತ್ರಿ ಗೇಟು ತೆಗೆದು ಬಿಡುವ ಮನೆಯಾದರೆ ಮಾಡಿಸಲೇಬೇಕು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರವೂ ಸಾಕಿದ ನಾಯಿಯ ಸಂತಾನಹರಣ ಸಾಕಿದವರದೇ ಹೊಣೆ. ಬೀದಿ ನಾಯಿ ಹಿಡಿಯುವ ಗಾಡಿ ಬಂದಾಗ ಅದರಲ್ಲಿ ನಿಮ್ಮ ನಾಯಿಯನ್ನೂ ತುರುಕಬೇಡಿ.

ಹಂತ 4: ತಿಂಗಳು ಆರಿಸಿ, ರಕ್ತ ಪರೀಕ್ಷೆ ಮಾಡಿಸಿ

ಸಂಕ್ರಾಂತಿಯ ನಂತರ ಮಾಡಿಸಿ. ಹವೆ ಒಣಗಿರುತ್ತದೆ, ನೊಣ ಕಡಿಮೆ, ಬಿಸಿಲೂ ಏರಿರುವುದಿಲ್ಲ. ಮುಂದಿನ ಬೆದೆಯ ಕಾಲ ಬರುವಷ್ಟರಲ್ಲಿ ನಾಯಿ ಶಾಂತವಾಗಿರುತ್ತದೆ.

ರಕ್ತ ಪರೀಕ್ಷೆ ಬಿಡಲೇಬೇಡಿ. ನಮ್ಮ ಕಡೆ ಉಣ್ಣಿ ಇಲ್ಲದ ನಾಯಿ ಸಿಗುವುದು ಕಷ್ಟ. ಉಣ್ಣಿಯಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣ ಇಳಿದುಬಿಡುತ್ತದೆ. ನಾಯಿ ಹೊರಗೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಕತ್ತರಿ ಹಾಕಿದ ಮೇಲೆ ರಕ್ತ ನಿಲ್ಲುವುದಿಲ್ಲ. ಪ್ಲೇಟ್‌ಲೆಟ್, ಲಿವರ್, ಕಿಡ್ನಿ ಮೂರನ್ನೂ ನೋಡಿಸಿ. ಪ್ಲೇಟ್‌ಲೆಟ್ ಕಡಿಮೆ ಬಂದರೆ ಜ್ವರಕ್ಕೆ ಚಿಕಿತ್ಸೆ ಮಾಡಿಸಿ, ಆಪರೇಷನ್ ಮುಂದಕ್ಕೆ ಹಾಕಿ.

ಇಲ್ಲೊಂದು ಎಚ್ಚರಿಕೆ. ಹೋರಿಗೆ ಬೀಜ ಒಡೆಯುವ ಇಕ್ಕಳವನ್ನೇ ನಾಯಿಗೂ ಹಾಕುವವರು, ರಬ್ಬರ್ ಬಿಗಿದು ತಾನಾಗಿ ಉದುರಲಿ ಅನ್ನುವವರು ಇದ್ದಾರೆ. ಕೊಳೆತು, ನಂಜೇರಿ ನಾಯಿ ಸಾಯುತ್ತದೆ. ಅರಿವಳಿಕೆ ಇಲ್ಲದೆ ಯಾರೇ ಮಾಡುತ್ತೇನೆ ಅಂದರೂ ನಾಯಿಯನ್ನು ವಾಪಸ್ ಕರೆತನ್ನಿ.

ಹಂತ 5: ಆ ದಿನ

ಹಿಂದಿನ ರಾತ್ರಿ ನಾಯಿಯ ಊಟ ಬೇಗ ಮುಗಿಸಿ, ಬೆಳಿಗ್ಗೆ ಏನೂ ತಿನ್ನಿಸಬೇಡಿ. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು ಅಂತ ವೈದ್ಯರನ್ನೇ ಕೇಳಿ.

ಹಂತ 6: ನಂತರದ ಎರಡು ವಾರ

ಹೊಲಿಗೆ ನೆಕ್ಕದಂತೆ ಕೊರಳಿಗೆ ಕೋನ್, ಅಂದರೆ ಲಾಳಿಕೆಯಂಥ ಪಟ್ಟಿ ಹಾಕಲೇಬೇಕು. ಹಾಳೆಯಂಥ ತೆಳು ಪ್ಲಾಸ್ಟಿಕ್ಕಿನದು ತರಬೇಡಿ, ಗೋಡೆಗೆ ಎರಡು ಸಲ ತಾಗಿದರೆ ಸೀಳುತ್ತದೆ, ಸೀಳಿದ ಅಂಚು ಕುತ್ತಿಗೆ ಕೊರೆಯುತ್ತದೆ. ದಪ್ಪನೆಯದು ತನ್ನಿ, ಮೂಗಿನ ತುದಿಗಿಂತ ಎರಡು ಬೆರಳು ಮುಂದೆ ಬರಬೇಕು. "ಪಾಪ, ಊಟಕ್ಕೆ ತೊಂದರೆ" ಅಂತ ರಾತ್ರಿ ಬಿಚ್ಚಿಟ್ಟ ಮನೆಗಳಲ್ಲೇ ಹೊಲಿಗೆ ಬಿಚ್ಚಿರುವುದು.

ಸ್ನಾನ ಬೇಡ, ಓಟ ಬೇಡ. ಚೀಲ ಸ್ವಲ್ಪ ಊದುವುದು ಸಹಜ. ಆದರೆ ನಿಂಬೆಹಣ್ಣಿಗಿಂತ ದೊಡ್ಡದಾಗಿ, ಬಿಗಿಯಾಗಿ, ಕಪ್ಪಗೆ ಆದರೆ ಅಥವಾ ರಕ್ತ ತೊಟ್ಟಿಕ್ಕುತ್ತಿದ್ದರೆ ಅದೇ ದಿನ ಕರೆದೊಯ್ಯಿರಿ. ಊರಲ್ಲಿ ವೈದ್ಯರು ಸಿಗದಿದ್ದರೆ ಪಶುಸಂಗೋಪನೆ ಇಲಾಖೆಯ 1962ಕ್ಕೆ ಫೋನ್ ಮಾಡಿ. ಗಾಯಕ್ಕೆ ಫಿನಾಯಿಲ್, ಸೀಮೆಎಣ್ಣೆ, ಸುಣ್ಣ ಯಾವುದನ್ನೂ ಸೋಕಿಸಬೇಡಿ. ನೊಣ ಕೂತು ಹುಳ ಬಿದ್ದರೂ ಅವನ್ನು ಸುರಿಯಬೇಡಿ, ವೈದ್ಯರ ಹತ್ತಿರ ಹೋಗಿ ತೆಗೆಸಿ. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನದೊಳಗೆ.

ಹೊಲಿಗೆ ಬಿಚ್ಚಿದ ಕೂಡಲೇ ನಾಯಿ ಬದಲಾಗುವುದಿಲ್ಲ. ಆರು ವಾರ ಹೆಣ್ಣು ನಾಯಿಗಳಿಂದ ದೂರ ಇಡಿ, ಅಷ್ಟರವರೆಗೆ ಮರಿ ಹುಟ್ಟಿಸುವ ಶಕ್ತಿ ಉಳಿದಿರಬಹುದು. ಅಲೆದಾಟ ಕಡಿಮೆಯಾಗಲು ಕೆಲವು ತಿಂಗಳು ಬೇಕಾಗಬಹುದು. ವರ್ಷಗಟ್ಟಲೆ ರೂಢಿಯಾದ ಚಾಳಿ ಪೂರ್ತಿ ಹೋಗದೆಯೂ ಇರಬಹುದು.

ಇನ್ನುಳಿದದ್ದು ಊಟ. ಆಪರೇಷನ್ ಆದ ನಾಯಿಗೆ ಹಸಿವು ಜಾಸ್ತಿ, ಮೈ ಖರ್ಚು ಮಾಡುವ ಶಕ್ತಿ ಕಡಿಮೆ. ಮೊದಲು ನಾಲ್ಕು ರೊಟ್ಟಿ ಹಾಕುತ್ತಿದ್ದರೆ ಈಗ ಮೂರು ಹಾಕಿ, ಹಾಲನ್ನೂ ಅಷ್ಟೇ ಪ್ರಮಾಣದಲ್ಲಿ ಇಳಿಸಿ, ಮೊಟ್ಟೆ ಹಾಗೇ ಇರಲಿ. ಪಕ್ಕೆ ಸವರಿದಾಗ ಎಲುಬು ಬೆರಳಿಗೆ ಸಿಗಬೇಕು. ತಿಂಗಳಿಗೊಮ್ಮೆ ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ತೂಕದ ಮಷೀನಿನ ಮೇಲೆ ನಿಂತು, ಬಂದ ಲೆಕ್ಕದಲ್ಲಿ ನಿಮ್ಮ ತೂಕ ಕಳೆಯಿರಿ. ಎತ್ತಲಾಗದ ದೊಡ್ಡ ನಾಯಿಯನ್ನು ಗೊಬ್ಬರದ ಅಂಗಡಿಯ ತೂಕದ ಯಂತ್ರದ ಮೇಲೆ ಕೂರಿಸಿದರೂ ನಡೆಯುತ್ತದೆ.