ಮಾಡಿಗೆ ಹಂಚೋ, ಶೀಟೋ? ಅಂಗಡಿಗೆ ಹೋಗುವ ಮೊದಲು

ಮಲೆನಾಡು, ಕರಾವಳಿಯಲ್ಲಿ ಮನೆ ಕಟ್ಟುವವರು ಮೊದಲು ಕೇಳುವುದೇ ‘ಚದರಡಿಗೆ ಎಷ್ಟು?’ ಅಂತ. ಅದಕ್ಕೂ ಮೊದಲು ಕೇಳಬೇಕಾದ್ದು ಬೇರೆ ಇದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು (ತೆಗೆದು, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸಲು) ನಿಮ್ಮೂರಲ್ಲಿ ಜನ ಸಿಗುತ್ತಾರಾ? ಹಂಚು ಒಡೆಯಲು ಮಂಗ ಬರುತ್ತದಾ? ಮಾಡಿನ (ಚಾವಣಿಯ) ಮೇಲೆ ತೆಂಗಿನ ಮರ ಬಾಗಿದೆಯಾ? ಜನ ಸಿಗುತ್ತಾರೆ, ಮಂಗನ ಕಾಟ ಇಲ್ಲ ಎಂದಾದರೆ ಕಣ್ಣು ಮುಚ್ಚಿ ಹಂಚು ಹಾಕಿ. ಅಷ್ಟು ತಂಪು ಬೇರೆ ಯಾವುದೂ ಕೊಡುವುದಿಲ್ಲ.

ಇನ್ನು ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಮನೆಯ ನೆಲ 25 ಅಡಿಗೆ 40 ಅಡಿ, ಅಂದರೆ 1,000 ಚದರಡಿ ಎಂದುಕೊಳ್ಳಿ. ಇರಚಲು ಹೊಡೆಯದಿರಲು ನಾಲ್ಕೂ ಕಡೆ 3 ಅಡಿ ಸೂರು ಬಿಟ್ಟರೆ 31ಕ್ಕೆ 46 ಅಡಿ ಆಯಿತು. ಅದರ ಮೇಲೆ ಇಳಿಜಾರು. ಅಡ್ಡ 2 ಅಡಿಗೆ 1 ಅಡಿ ಎತ್ತರ ಕೊಟ್ಟರೆ ಮಾಡು ಹತ್ತಿರ ಹತ್ತಿರ 1,600 ಚದರಡಿ! 100 ಚದರಡಿಗೆ ಸುಮಾರು 150 ಹಂಚು ಬೇಕು. ಲೆಕ್ಕ ಹಾಕಿ, 2,400 ಹಂಚು. ಒಂದೊಂದು ಎರಡೂವರೆಯಿಂದ ಮೂರು ಕೆಜಿ. ಒಟ್ಟು ಆರೇಳು ಟನ್ ಭಾರ ಮಾಡಿನ ಮರದ ಮೇಲೆ, ಅಂದರೆ ಪಕಾಸು (ಇಳಿಜಾರಿನ ತೊಲೆ), ರೀಪಿನ (ಅಡ್ಡಪಟ್ಟಿಯ) ಮೇಲೆ ಕೂರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಗಡಿನ ಶೀಟಾದರೆ 700 ಕೆಜಿ ಆಸುಪಾಸು. ಹಳೇ ಮರದ ಮೇಲೆ ಹೊಸ ಮಾಡು ಕೂರಿಸುವವರು ಮರ ಗಟ್ಟಿ ಇದೆಯಾ ಅಂತ ಮೊದಲು ತಟ್ಟಿ ನೋಡಿಸಲೇಬೇಕು.

ಹಂಚು ಆರಿಸುವಾಗ ಬೆರಳ ಗೆಣ್ಣಿನಿಂದ ಹೊಡೆಯಿರಿ. ‘ಠಣ್’ ಅಂದರೆ ಚೆನ್ನಾಗಿ ಬೆಂದಿದೆ. ‘ದಬ್’ ಅಂದರೆ ಒಳಗೆ ಬಿರುಕಿದೆ, ಇಲ್ಲವೇ ಹಸಿ ಉಳಿದಿದೆ. ಸ್ಯಾಂಪಲ್ ಅಂತ ನಾಲ್ಕು ಹಂಚು ಮನೆಗೆ ತನ್ನಿ. ಒಣಗಿದ್ದಾಗ ತೂಗಿ, ರಾತ್ರಿ ಇಡೀ ಬಕೆಟ್‌ನಲ್ಲಿ ಮುಳುಗಿಸಿ, ಬೆಳಿಗ್ಗೆ ಒರೆಸಿ ಮತ್ತೆ ತೂಗಿ. ಒಂದೊಂದು ಹಂಚಿನ ತೂಕ ಅರ್ಧ ಕೆಜಿಗಿಂತ ಜಾಸ್ತಿ ಏರಿದ್ದರೆ ಬೇಡ. ಜೂನ್‌ನಲ್ಲಿ ಅದೇ ನೀರು ನಿಮ್ಮ ಮರದ ಮೇಲಿರುತ್ತದೆ. ಅಂಚಿನ ತೋಡನ್ನೂ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹೆಸರಾದ ಹಂಚಿನ ಜಾಣತನವೆಲ್ಲ ಇರುವುದು ಆ ತೋಡಿನಲ್ಲೇ. ಒಂದು ಇನ್ನೊಂದನ್ನು ಕಚ್ಚಿಕೊಂಡು ಕೂರಬೇಕು. ಎರಡನ್ನು ಜೋಡಿಸಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ.

ಮಂಗ, ತೆಂಗಿನಕಾಯಿಯ ಭಯ ಇದ್ದರೆ ಶೀಟೇ ವಾಸಿ. ಸೆಕೆ, ಮಳೆಯ ಸದ್ದು ಎರಡೂ ಜಾಸ್ತಿ, ಅದು ನಿಜ. ಕೆಳಗೊಂದು ಅಟ್ಟ ಅಥವಾ ಸೀಲಿಂಗ್ ಇದ್ದರೆ ತಡೆದುಕೊಳ್ಳಬಹುದು. ಸಮುದ್ರ ಹತ್ತಿರ ಇದ್ದರೆ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ. ಅಲ್ಲಿ ಅಗ್ಗದ ಶೀಟ್ ಹಾಕಲೇಬೇಡಿ. ಆಸ್ಬೆಸ್ಟಾಸ್ ಶೀಟ್ ಅಂತೂ ಮನೆಗೆ ಬೇಡವೇ ಬೇಡ. ಅದನ್ನು ಕೊಯ್ಯುವಾಗ, ಒಡೆದಾಗ ಏಳುವ ಧೂಳಿನಿಂದ ಕ್ಯಾನ್ಸರ್ ಬರುತ್ತದೆ.

ಶೀಟ್ ಹಾಕುವ ದಿನ ನೀವೇ ಎದುರು ನಿಲ್ಲಿ. ನಮ್ಮ ಕೊಟ್ಟಿಗೆಗೆ ಹಾಕಿದವರು ಸ್ಕ್ರೂಗಳನ್ನು ಶೀಟಿನ ತಗ್ಗಿನಲ್ಲೇ ಹೊಡೆದುಬಿಟ್ಟಿದ್ದರು. ನೀರು ಹರಿಯುವ ದಾರಿಯೇ ಅದು, ಅಲ್ವಾ? ಮೊದಲ ಮಳೆಗೇ ಹುಲ್ಲಿನ ಮೆದೆ ಪೂರ್ತಿ ನೆನೆದು ಹೋಯಿತು. ಸ್ಕ್ರೂ ಉಬ್ಬಿನ ಮೇಲೆ ಬರಬೇಕು, ಕೆಳಗೆ ರಬ್ಬರ್ ವಾಷರ್ ಇರಬೇಕು. ತುಂಬಾ ಬಿಗಿದರೆ ಆ ರಬ್ಬರೂ ಹರಿಯುತ್ತದೆ.

ಅಡಿಕೆ ಒಣಗಿಸಲು ಜಾಗ ಬೇಕಾದವರು ಆರ್‌ಸಿಸಿ (ಕಾಂಕ್ರೀಟ್) ತಾರಸಿಯನ್ನೇ ಹಾಕುತ್ತಾರೆ. ತಪ್ಪಲ್ಲ. ಆದರೆ ಆಗುಂಬೆಯಂಥ ಮಳೆಗೆ ಸಪಾಟು ತಾರಸಿ ಒಂದೇ ಸಾಕಾಗುವುದಿಲ್ಲ. ಒಂದಲ್ಲ ಒಂದು ದಿನ ಮೇಲೆ ಶೀಟ್ ಹಾಕಲೇಬೇಕಾಗುತ್ತದೆ. ಆ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಯಾವುದೇ ಹಾಕಿಸಿ, ಕೊನೆಯ ಕಂತಿನ ಹಣ ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಮೊದಲ ಜೋರು ಮಳೆ ಬಂದ ರಾತ್ರಿ ಟಾರ್ಚ್ ಹಿಡಿದು ಅಟ್ಟ ಹತ್ತಿ. ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ಕೆಳಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಿಗ್ಗೆ ಮಾಡು ಹಾಕಿದವರನ್ನು ಕರೆಸಿ.