ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುವುದಿಲ್ಲ: ಒಂದು ಕಡ್ಡಿಯಿಂದ ನೋಡಿ

ಬೇಕಾದದ್ದು 30 ಸೆಂ.ಮೀ. ಉದ್ದದ ನೇರ ಕಡ್ಡಿ, ಮರಳು ತುಂಬಿದ ಡಬ್ಬಿ, ಸೀಮೆಸುಣ್ಣ, ದಾರ. ಬಿಸಿಲು ಬೀಳುವ ಸಮತಟ್ಟಾದ ತಾರಸಿ ಸಾಕು.

ಮೊದಲು ಕಡ್ಡಿಯನ್ನು ಮರಳಿನಲ್ಲಿ ನೆಟ್ಟಗೆ ನಿಲ್ಲಿಸಿ. ಕಣ್ಣಳತೆಯನ್ನು ನಂಬಬೇಡಿ, ದಾರಕ್ಕೊಂದು ನಟ್ಟು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟು ಎರಡು ಕಡೆಯಿಂದ ತಾಳೆ ನೋಡಿ. ಈ ಹಂತದಲ್ಲಿ ಸೋಮಾರಿತನ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ಬೆಳಿಗ್ಗೆ ಹತ್ತರ ಸುಮಾರಿಗೆ ನೆರಳಿನ ತುದಿಗೆ ಗುರುತು ಹಾಕಿ, ಸಮಯ ಬರೆದಿಡಿ. ತುದಿ ಮಸುಕಾಗಿ ಕಾಣುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲದ ತಟ್ಟೆ. ಆ ತಟ್ಟೆ ಪೂರ್ತಿ ಮರೆಯಾದಲ್ಲಿ ಗಾಢ ನೆರಳು, ಅರೆಬರೆ ಮರೆಯಾದಲ್ಲಿ ಅರೆನೆರಳು. ಮಸುಕಿನ ನಡುಭಾಗಕ್ಕೆ ಗುರುತು ಹಾಕಿದರಾಯಿತು. ಈಗ ಕಡ್ಡಿಯ ಬುಡವನ್ನು ಕೇಂದ್ರವಾಗಿಟ್ಟು ಆ ಗುರುತಿನ ಮೂಲಕ ವೃತ್ತ ಎಳೆಯಿರಿ.

ನೆರಳು ವೃತ್ತದೊಳಕ್ಕೆ ಕುಗ್ಗಿ ಮತ್ತೆ ಉದ್ದವಾಗುತ್ತದೆ. ಮಧ್ಯಾಹ್ನ ತುದಿ ವೃತ್ತವನ್ನು ಮತ್ತೆ ಮುಟ್ಟಿದಾಗ ಎರಡನೇ ಗುರುತು ಹಾಕಿ, ಆ ಸಮಯವನ್ನೂ ಬರೆದಿಡಿ. ಬೆಳಗಿನದು ಪಶ್ಚಿಮ, ಮಧ್ಯಾಹ್ನದ್ದು ಪೂರ್ವ. ನಮ್ಮ ಹಳೆಯ ಜ್ಯೋತಿರ್ಗಣಿತದವರು ಈ ಕಡ್ಡಿಯನ್ನು ಶಂಕು ಎಂದು ಕರೆದು ಹೀಗೆಯೇ ದಿಕ್ಕು ಕಂಡುಕೊಳ್ಳುತ್ತಿದ್ದರು.

ಎರಡೂ ಗುರುತು ಹಾಕಿದ ಸಮಯಗಳ ಸರಾಸರಿಯೇ ನಿಮ್ಮೂರಿನ ನಿಜವಾದ ನಡುಹಗಲು, ಅಂದರೆ ಸೂರ್ಯ ಆ ದಿನದ ಅತಿ ಎತ್ತರದಲ್ಲಿರುವ ಹೊತ್ತು. ಬೆಂಗಳೂರಿನಲ್ಲಿ ಅದು ನವೆಂಬರ್ ಮೊದಲ ವಾರ ಸುಮಾರು 12:03, ಫೆಬ್ರುವರಿ ಮಧ್ಯದಲ್ಲಿ 12:34. ನಮ್ಮ ಗಡಿಯಾರಗಳು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿವೆ. ಬೆಂಗಳೂರು ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ನಡುಹಗಲು ತಡ. ಭೂಮಿಯ ಅಕ್ಷದ ವಾಲುವಿಕೆ ಮತ್ತು ಅಂಡಾಕಾರದ ಕಕ್ಷೆ ಉಳಿದ ಏರುಪೇರಿಗೆ ಕಾರಣ.

ಕಡ್ಡಿಯನ್ನು ಎಸೆಯಬೇಡಿ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ನಡುಹಗಲು ಅದರ ನೆರಳು ಉತ್ತರಕ್ಕೆ ಸುಮಾರು 22 ಸೆಂ.ಮೀ. ಚಾಚುತ್ತದೆ. ಏಪ್ರಿಲ್ 24ರ ಆಸುಪಾಸಿನಲ್ಲಿ, ಸುಮಾರು 12:18ಕ್ಕೆ, ಬುಡದೊಳಗೇ ಅಡಗುತ್ತದೆ. ಜೂನ್ 21ಕ್ಕೆ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿರುವುದರಿಂದ ನೆರಳು ದಕ್ಷಿಣಕ್ಕೆ, ಐದೂವರೆ ಸೆಂ.ಮೀ.ನಷ್ಟು. ಆಗಸ್ಟ್ 18ರ ಸುಮಾರಿಗೆ ಮತ್ತೆ ಮಾಯ. ನೆರಳು ಮಾಯವಾಗುವುದನ್ನು ನೋಡಲು ಹುಬ್ಬಳ್ಳಿಯವರು ಮೇ ಮೊದಲ ವಾರ, ಬೀದರಿನವರು ಇನ್ನೂ ಹತ್ತು ದಿನ ಬಿಟ್ಟು ತಾರಸಿ ಹತ್ತಬೇಕು. ಬರಿಗಾಲಲ್ಲಿ ಮಾತ್ರ ಬೇಡ!