ಎಂಟು ದಿನದ ಊಟದ ಲೆಕ್ಕ

ಧಾರವಾಡದಲ್ಲಿ ನನ್ನದೊಂದು ಚಿಕ್ಕ ಖಾನಾವಳಿ ಇದೆ. ರೊಟ್ಟಿ ಬಡಿಯುವ ಮೂವರು ಹೆಣ್ಣುಮಕ್ಕಳು, ಬಡಿಸಲು ಇಬ್ಬರು ಹುಡುಗರು. ಹುಡುಗರು ಹಾವೇರಿ ಕಡೆಯವರು, ಖಾನಾವಳಿಯ ಮೇಲಿನ ಕೋಣೆಯಲ್ಲೇ ಇರುತ್ತಾರೆ. 2019ರವರೆಗೆ ಅವರ ಪಗಾರದಲ್ಲಿ ಪ್ರತಿ ತಿಂಗಳೂ ‘ಊಟ, ವಸತಿ’ ಎಂದು 3,000 ರೂಪಾಯಿ ಹಿಡಿಯುತ್ತಿದ್ದೆ. ನಮ್ಮ ಮಾವನವರ ಕಾಲದಿಂದ ನಡೆದು ಬಂದ ರೂಢಿ ಅದು.

ಆ ವರ್ಷ ಕಾರಹುಣ್ಣಿಮೆಗೆಂದು ಊರಿಗೆ ಹೋದ ಒಬ್ಬ ಹುಡುಗ ಎಂಟು ದಿನ ಬಿಟ್ಟು ಬಂದ. ಪಗಾರದ ದಿನ ಸಹಿ ಹಾಕುವ ಮೊದಲು ವಹಿಯ ಆ ಸಾಲಿನ ಮೇಲೆ ಬೆರಳಿಟ್ಟ. “ಅಕ್ಕಾವರೇ, ಎಂಟು ದಿನದ ಪಗಾರ ಹಿಡಿದದ್ದು ಸರಿ. ಆ ಎಂಟು ದಿನ ಇಲ್ಲಿ ನನ್ನ ಊಟ ಉಂಡವರು ಯಾರು?” ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುವಾರ ವಹಿ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ಹೋಟೆಲ್ ಉದ್ಯಮದ ಅಧಿಸೂಚನೆಯನ್ನು ಮುಂದಿಟ್ಟರು. ಮೂಲ ವೇತನ ಮತ್ತು ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆ, ಎರಡೂ ಸೇರಿದ್ದೇ ಕನಿಷ್ಠ ವೇತನ. ನಾನೋ ಕೈಗೆ ಕೊಟ್ಟ ಹಣಕ್ಕೆ ಊಟದ ಬೆಲೆ ಕೂಡಿಸಿ ಆ ಮೊತ್ತ ಮುಟ್ಟಿತು ಎಂದುಕೊಂಡಿದ್ದೆ. ಆಗ ಜಾರಿಯಲ್ಲಿದ್ದ 1948ರ ಕನಿಷ್ಠ ವೇತನ ಕಾಯ್ದೆಯಂತೆ ವೇತನವನ್ನು ನಗದಾಗಿಯೇ ಕೊಡಬೇಕಿತ್ತು. ವಸ್ತುರೂಪದಲ್ಲಿ ಕೊಡಬೇಕಾದರೆ ಸರ್ಕಾರದ ಅಧಿಸೂಚನೆ ಬೇಕಿತ್ತು. ಹುಡುಗರೇ ಒಪ್ಪಿ ಬರೆದುಕೊಟ್ಟಿದ್ದಾರಲ್ಲ ಎಂದೆ. ಕನಿಷ್ಠಕ್ಕಿಂತ ಕಡಿಮೆಗೆ ಮಾಡಿಕೊಂಡ ಕರಾರು 25ನೇ ಕಲಮಿನ ಪ್ರಕಾರ ಶೂನ್ಯ ಎಂದರು.

ವಸತಿಗೆ ಹಿಡಿಯಲೇಬಾರದು ಎಂದೇನೂ ಇಲ್ಲ. ಕೆಲಸಗಾರ ಆ ವಸತಿಯನ್ನು ಒಪ್ಪಿರಬೇಕು, ಹಿಡಿಯುವ ಹಣ ಅದರ ಬೆಲೆ ಮೀರಬಾರದು. ಹಾಗಾದರೆ ಬೆಲೆ ಎಷ್ಟು? ಖಾನಾವಳಿಗೆ ಬಂದು ಆ ಕೋಣೆಯಲ್ಲಿ ನಿಂತು ನೋಡಿದೆ. ಒಂದು ಕಿಟಕಿ, ಒಂದು ಫ್ಯಾನು, ಮೂಲೆಯಲ್ಲಿ ಜೋಳದ ಚೀಲಗಳು. ಬೆಳಗಿನ ಜಾವ ಹಾಲಿನವನಿಗೆ ಬಾಗಿಲು ತೆಗೆಯುವವರು ಈ ಹುಡುಗರೇ, ರಾತ್ರಿ ಕಾವಲೂ ಅವರದೇ. ಆ ಕೋಣೆಯಿಂದ ಅವರಿಗಿಂತ ನನಗೇ ಹೆಚ್ಚು ಅನುಕೂಲವಾಗುತ್ತಿತ್ತು. ಅದಕ್ಕೆ ಬಾಡಿಗೆ ಕಟ್ಟಲು ಮನಸ್ಸು ಬರಲಿಲ್ಲ. ಊಟದ ಕಡಿತವನ್ನೂ ಕೈಬಿಟ್ಟೆ.

ಹಳೆಯ ಬಾಕಿಯನ್ನು ನಾಲ್ಕು ಕಂತಿನಲ್ಲಿ ತೀರಿಸಿದೆ. ತಾಟಿನ ದರ ಐದು ರೂಪಾಯಿ ಏರಿಸಬೇಕಾಯಿತು; ಬರುವವರು ಬರುತ್ತಲೇ ಇದ್ದಾರೆ. ರೊಟ್ಟಿಯವರಿಗೆ ಎಣಿಕೆಯ ಮೇಲೆ ಕೊಡುತ್ತಿದ್ದೆ. ರೊಟ್ಟಿ ಕಡಿಮೆ ಖರ್ಚಾದ ದಿನವೂ ದಿನಗೂಲಿಯ ಕನಿಷ್ಠಕ್ಕೆ ಕಮ್ಮಿಯಾಗಬಾರದು ಎಂಬುದು ಆಗಲೇ ತಿಳಿಯಿತು. ಒಡೆದ ಕಪ್ಪು, ಗ್ಲಾಸುಗಳಿಗೆ ಸುಮ್ಮನೆ ಹಿಡಿಯುವುದನ್ನೂ ನಿಲ್ಲಿಸಿದೆ. ನಿರ್ಲಕ್ಷ್ಯದಿಂದಲೇ ಒಡೆದಿದ್ದರೂ ಮೊದಲು ಅವರ ಮಾತು ಕೇಳಬೇಕು.

2025ರ ನವೆಂಬರ್ 21ರಿಂದ ಆ ಹಳೆಯ ಕಾಯ್ದೆಯ ಜಾಗಕ್ಕೆ ವೇತನ ಸಂಹಿತೆ ಎಂಬ ಹೊಸ ಕಾನೂನು ಜಾರಿಗೆ ಬಂದಿದೆ. ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರುವಂತಿಲ್ಲ. ಬಾಕಿಗಾಗಿ ಅರ್ಜಿ ಹಾಕಲು ಹಿಂದೆ ಆರು ತಿಂಗಳಷ್ಟೇ ಇತ್ತು, ಈಗ ಮೂರು ವರ್ಷ. ಇದನ್ನು ನಾನೇ ಹುಡುಗರನ್ನು ಕೂರಿಸಿಕೊಂಡು ಓದಿ ಹೇಳಿದೆ. ಅಂದು ಪ್ರಶ್ನೆ ಕೇಳಿದವನು ವಹಿಯನ್ನು ಇನ್ನೊಮ್ಮೆ ತಿರುವಿ ನೋಡಿ, ತನ್ನ ಪಗಾರದ ಚೀಟಿಯನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡ.